ಪಂಕ್ ಅಂದರೆ ಬರೀ ಕಟಿಂಗ್ ಅಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಅಂಕಣದಲ್ಲಿ ನಮ್ಮ ಹಾಸನದ ಹಿರಿಯರೊಬ್ಬರ ಪತ್ರ ಓದಿದೆ. ಹುಡುಗರ ತಲೆ ನೋಡೋಕಾಗಲ್ಲ, ಎರಡು ಕಡೆ ಬೋಳು, ನಡುವೆ ಕೋಳಿ ಜುಟ್ಟು, ಕೇಳಿದರೆ ಪಂಕ್ ಅನ್ನುತ್ತಾರೆ, ಪಂಕ್ ಅಂದರೆ ಪಂಕ, ಅಂದರೆ ಕೆಸರು, ಹೊರದೇಶದಲ್ಲಿ ಅದನ್ನು ಶುರು ಮಾಡಿದವರೆಲ್ಲ ನಾಲ್ಕು ದಿನ ಕೂಗಾಡಿ ಡ್ರಗ್ಸ್ ತಗೊಂಡು ಸತ್ತರು, ನಮ್ಮೂರಿನ ಸಲೂನಿನವರು ದುಡ್ಡಿನ ಆಸೆಗೆ ಇಂಥ ಕಟಿಂಗ್ ಮಾಡೋದನ್ನು ನಿಲ್ಲಿಸಬೇಕು ಅಂತ ಬರೆದಿದ್ದಾರೆ. ಸಲೂನಿನವರು ಅಂದರಲ್ಲ, ಅದಕ್ಕೇ ಉತ್ತರ ಬರೆಯಲು ಕೂತೆ. ನಾನು ಹಾಸನದಲ್ಲಿ 28 ವರ್ಷದಿಂದ ಕಟಿಂಗ್ ಶಾಪ್ ಇಟ್ಟುಕೊಂಡಿದ್ದೇನೆ. ಇವತ್ತು ಮಂಗಳವಾರ, ಅಂಗಡಿಗೆ ರಜೆ, ಹಾಗಾಗಿ ಪತ್ರ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ. ಕತ್ತರಿ ಹಾಕೋದಾದರೆ ಹಾಕಿ. ಕತ್ತರಿ ಮೇಲೆ ನನಗೇನೂ ಸಿಟ್ಟಿಲ್ಲ.

ಪಂಕ್ ಅನ್ನೋದು ಮೂಲದಲ್ಲಿ ಹೊರದೇಶದ ಒಂದು ಥರದ ಜೋರು ರಾಕ್ ಸಂಗೀತ, ಕಟಿಂಗಿಗೆ ಆ ಹೆಸರು ಬಂದದ್ದು ಅದರಿಂದ. ಮೊದಲು ಕಟಿಂಗ್ ವಿಷಯ ಮುಗಿಸಿಬಿಡುತ್ತೇನೆ, ಅದು ಸಣ್ಣದು. ಹುಡುಗರು ಮೊಬೈಲಿನಲ್ಲಿ ಫೋಟೊ ತೋರಿಸಿ ಅಣ್ಣ ಹಿಂಗೇ ಬೇಕು ಅನ್ನುತ್ತಾರೆ. ಸ್ಕೂಲಿನ ಮಕ್ಕಳಾದರೆ ನಾನು ಮಾಡುವುದಿಲ್ಲ, ಅಪ್ಪನ್ನ ಕರಕೊಂಡು ಬಾ ಅನ್ನುತ್ತೇನೆ, ಅರ್ಧ ಜನ ತಿರುಗಿ ಬರೋದೇ ಇಲ್ಲ. ಕಾಲೇಜಿನವರು, ಕೆಲಸಕ್ಕೆ ಹೋಗುವವರು ಕೇಳಿದರೆ ಮಾಡುತ್ತೇನೆ. ತಲೆ ಅವರದು. ನಮ್ಮಪ್ಪನ ಕಾಲದಲ್ಲಿ ಕಿವಿ ಮುಚ್ಚುವ ಹಿಪ್ಪಿ ಕೂದಲಿಗೆ ಬೈಯುತ್ತಿದ್ದರು. ಆಮೇಲೆ ಸ್ಟೆಪ್ ಕಟಿಂಗಿಗೆ ಬೈದರು. ಅದಾದ ಮೇಲೆ ಮುಂದೆ ಗಿಡ್ಡ, ಹಿಂದೆ ಉದ್ದ ಬಿಟ್ಟರೆ ಅದಕ್ಕೆ ಪಂಕ್ ಅಂತ ಹೆಸರು ಬಿತ್ತು, ಲಂಡನ್ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದವರೂ ಅಪ್ಪನ ಮುಂದೆ ಕೂತು ಪಂಕ್ ಹೊಡಿ ಅನ್ನುತ್ತಿದ್ದರು. ಬೇಲೂರಿನ ಚೆನ್ನಕೇಶವನ ಗುಡಿ ಕಟ್ಟಿಸಿದ್ದು 1117ರಲ್ಲಿ. ಅಲ್ಲಿ ಕನ್ನಡಿ ಹಿಡಿದು ನಿಂತಿರುವ ಶಿಲಾಬಾಲಿಕೆಯ ತಲೆ ಸಿಂಗಾರ ಒಂದು ಸಲ ಹತ್ತಿರದಿಂದ ನೋಡಿ. ಅಷ್ಟು ಕೆಲಸ ನನ್ನ ಕೈಲಾಗುವುದಿಲ್ಲ. 900 ವರ್ಷದಲ್ಲಿ ಅದರ ಮೇಲೆ ಯಾರೂ ದೂರು ಬರೆದ ಹಾಗೆ ಕಾಣೆ.

ಈಗ ದೊಡ್ಡ ವಿಷಯ. ನಾಲ್ಕು ದಿನ ಕೂಗಾಡಿ ಸತ್ತರು ಅನ್ನೋ ಮಾತು. ಅರ್ಧ ನಿಜ, ಒಪ್ಪುತ್ತೇನೆ. ಸೆಕ್ಸ್ ಪಿಸ್ಟಲ್ಸ್ ಅಂತ ಒಂದು ಪಂಕ್ ತಂಡ ಲಂಡನ್ನಿನಲ್ಲಿ 1975ರಲ್ಲಿ ಕಟ್ಟಿಕೊಂಡಿತು, 1977ರಲ್ಲಿ ಒಂದು ಆಲ್ಬಮ್ ತಂದಿತು, 1978ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಕಾರ್ಯಕ್ರಮ ಕೊಟ್ಟು ಅಲ್ಲೇ ಒಡೆದುಹೋಯಿತು. ಅವರಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಸಿಡ್ ವಿಶಿಯಸ್ 1979ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಹೆರಾಯಿನ್ ಜಾಸ್ತಿಯಾಗಿ ತೀರಿಕೊಂಡ. 21 ವರ್ಷ. ಪತ್ರ ಬರೆದ ಹಿರಿಯರ ಮನಸ್ಸಿನಲ್ಲಿ ಇದ್ದದ್ದು ಇವರೇ ಇರಬೇಕು. ಬೇಗ ಸತ್ತವರ ಕಥೆಯೇ ಜಾಸ್ತಿ ಓಡಾಡುತ್ತದೆ, ಅಲ್ವಾ. ಆದರೆ ಅದೇ ಲಂಡನ್ನಿನಲ್ಲಿ, ಅದೇ ಗಲಾಟೆಯ ನಡುವೆ, 1976ರಲ್ಲಿ ಇನ್ನೊಂದು ತಂಡ ಶುರುವಾಯಿತು. ಹೆಸರು ಯು.ಕೆ. ಸಬ್ಸ್. ಅದನ್ನು ಕಟ್ಟಿ, ಅವತ್ತಿಂದ ಅದರ ಮುಂದೆ ನಿಂತು ಹಾಡಿಕೊಂಡು ಬಂದವರ ಹೆಸರು ಚಾರ್ಲಿ ಹಾರ್ಪರ್. ಕಸುಬು? ನಮ್ಮದೇ. ತಲೆ ಕಟಿಂಗ್.

ಇದು ನನಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ. ಭಾನುವಾರ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕುರ್ಚಿಯಲ್ಲಿ ರಿಟೈರ್ಡ್ ಮೇಷ್ಟ್ರು ಕೂತಿದ್ದರು, ಮುಖದ ಒಂದು ಕಡೆ ಆಗಿತ್ತು, ಇನ್ನೊಂದು ಕಡೆ ಸೋಪಿನ ನೊರೆ. ಅಷ್ಟರಲ್ಲಿ ನಮ್ಮ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಕೊನೇ ವರ್ಷ, ಗಿಟಾರಿನ ಹುಚ್ಚು. ಕನ್ನಡಿ ಮುಂದಿನ ಹಲಗೆ ಮೇಲೆ ಪಟಿಕದ ಕಲ್ಲಿಗೆ ಒರಗಿಸಿ ಮೊಬೈಲ್ ನಿಲ್ಲಿಸಿ, "ಮಾವ, ಈ ತಾತ ನಿಮ್ ಕಸುಬಿನೋರೇ, ನೋಡಿ" ಅಂದ. ನೋಡಿದರೆ ಸಣ್ಣದೊಂದು ಹಾಲು, ಕಿಕ್ಕಿರಿದ ಜನ, ಒಬ್ಬ ಮುದುಕ ಮೈಕನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಉಸಿರಿಗೆ ಹಾಡುತ್ತಿದ್ದಾರೆ, ಮುಂದೆ ಹುಡುಗರು ಕುಣಿಯುತ್ತಿದ್ದಾರೆ, ಕುಣಿಯುವವರ ನಡುವೆ ಬೋಳು ತಲೆಯ ನನ್ನ ವಯಸ್ಸಿನವರೂ ಇದ್ದಾರೆ. ಕೈಲಿದ್ದ ಕತ್ತಿ ಹಾಗೇ ನಿಂತಿತು. ಮೇಷ್ಟ್ರು, "ಮೊದಲು ನನ್ನ ಗಡ್ಡ ಮುಗಿಸಪ್ಪ, ಆಮೇಲೆ ಅವನ ಕೂಗಾಟ ನೋಡುವಿಯಂತೆ" ಅಂದರು. ಆದರೆ ಅವರೂ ಬಗ್ಗಿ ನೋಡಿದರು. ಎಷ್ಟು ವಯಸ್ಸು ಅವನಿಗೆ ಅಂತ ಕೇಳಿದರು. ಹುಡುಗ, 1944ರಲ್ಲಿ ಹುಟ್ಟಿದ್ದು ಅಂದ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗಿಂತ ಎರಡು ವರ್ಷ ದೊಡ್ಡೋನು ಕಣೋ" ಅಂದು ತಮ್ಮ ಮೊಣಕಾಲು ನೀವಿಕೊಂಡರು. ಅವತ್ತು ಕುರ್ಚಿ ಹತ್ತಲು ನನ್ನ ಭುಜ ಹಿಡಿದುಕೊಂಡಿದ್ದರು ಅವರು.

ಅವತ್ತಿಂದ ಹುಡುಗನನ್ನು ಕಾಡಿಸಿ ಕಾಡಿಸಿ ಆ ತಂಡದ ಕಥೆಯೆಲ್ಲ ಹೇಳಿಸಿಕೊಂಡಿದ್ದೇನೆ, ನಾನೂ ಹುಡುಕಿ ನೋಡಿದ್ದೇನೆ. ಹಾರ್ಪರ್ ಹುಟ್ಟಿದ್ದು 1944ರ ಮೇ 25ಕ್ಕೆ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ. ಪಂಕ್ ಶುರುವಾದಾಗ ಅವರಿಗೆ 32. ಸೆಕ್ಸ್ ಪಿಸ್ಟಲ್ಸಿನ ಗಾಯಕ ಜಾನಿ ರಾಟನ್ ಹುಟ್ಟಿದ್ದು 1956ರಲ್ಲಿ, ಅಂದರೆ ಇವರಿಗಿಂತ 12 ವರ್ಷ ಚಿಕ್ಕವನು. ಪಂಕಿಗೆ ಬಂದವರಲ್ಲಿ ಹೆಚ್ಚಿನವರು ಮೀಸೆ ಚಿಗುರುವ ಹುಡುಗರು, ಇವರು ಆಗಲೇ ಅವರಿಗೆಲ್ಲ ಅಂಕಲ್. ಅಲ್ಲೀವರೆಗೆ ಲಂಡನ್ನಿನ ದಕ್ಷಿಣ ಭಾಗದಲ್ಲಿ ಹಗಲು ಕತ್ತರಿ ಹಿಡಿಯುತ್ತಿದ್ದರು, ರಾತ್ರಿ ಪಬ್ಬುಗಳಲ್ಲಿ ಬ್ಲೂಸ್ ಜಾತಿಯ ಹಾಡು ಹಾಡುತ್ತಿದ್ದರು, ಮೌತ್ ಆರ್ಗನ್ ನುಡಿಸುತ್ತಿದ್ದರು. 32 ವರ್ಷಕ್ಕೆ ನಮ್ಮಲ್ಲಾದರೆ ಏನು ಹೇಳುತ್ತಾರೆ? ಸಾಕು ಮಾಡಪ್ಪ ಹಾಡು ಗೀಡು, ಅಂಗಡಿ ನೋಡಿಕೋ ಅನ್ನುತ್ತಾರೆ. ಇವರು ಡ್ಯಾಮ್ಡ್ ಅನ್ನೋ ಪಂಕ್ ತಂಡ ನುಡಿಸಿದ್ದು ನೋಡಿ, ಹಳೇ ಹಾಡು ಬಿಟ್ಟು ಹೊಸ ತಂಡ ಕಟ್ಟಿದರು. ಮೊದಲು ಇಟ್ಟ ಹೆಸರು ಸಬ್‌ವರ್ಸಿವ್ಸ್, ಬುಡ ಅಲ್ಲಾಡಿಸುವವರು ಅಂತ ಅರ್ಥ ಮಾಡಿಕೊಳ್ಳಬಹುದು. ಕರೆಯಲು ಸುಲಭ ಅಂತ ಅದು ಸಬ್ಸ್ ಆಯಿತು. ಅದೇ ಹೆಸರಿನ ತಂಡ ಸ್ಕಾಟ್ಲೆಂಡಿನಲ್ಲಿ ಇನ್ನೊಂದಿತ್ತು, ಅದಕ್ಕೆ ಮುಂದೆ ಯು.ಕೆ. ಸೇರಿಸಿಕೊಂಡರು. ನಮ್ಮೂರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಊರಿನ ಹೆಸರು ಸೇರಿಸಿ ಕರೆಯೋಲ್ವಾ, ಹಾಗೆ.

(ಮೊದಲು ಈ ಪತ್ರದಲ್ಲಿ ಅವರನ್ನು ಏಕವಚನದಲ್ಲೇ ಬರೆದಿದ್ದೆ. ಕಸುಬಿನವರು, ಮೇಲಾಗಿ ಹಿರಿಯರು, ಆಮೇಲೆ ಮನಸ್ಸು ಬರಲಿಲ್ಲ, ತಿದ್ದಿದ್ದೇನೆ.)

ಆ ಕಾಲದ ಇಂಗ್ಲೆಂಡ್ ಹೇಗಿತ್ತು ಅಂತಲೂ ಗೊತ್ತಿರಬೇಕು. ಕೆಲಸ ಇಲ್ಲದವರ ಸಂಖ್ಯೆ 10 ಲಕ್ಷ ದಾಟಿತ್ತು. 1976ರಲ್ಲಿ ಅಲ್ಲಿನ ಸರ್ಕಾರವೇ ದೇಶಗಳಿಗೆ ಸಾಲ ಕೊಡುವ ಐ.ಎಂ.ಎಫ್. ಸಂಸ್ಥೆಯ ಹತ್ತಿರ ಸಾಲ ಕೇಳಿತ್ತು. ನಮ್ಮನ್ನು ಆಳಿ ಹೋದವರು ಸಾಲಕ್ಕೆ ನಿಂತಿದ್ದ ಕಾಲ ಅದು. ಹುಡುಗರಿಗೆ ಕೆಲಸ ಇಲ್ಲ, ಆಗಿನ ದೊಡ್ಡ ರಾಕ್ ತಂಡಗಳ ಕೆಲವು ಹಾಡುಗಳು ಹತ್ತು ಹದಿನೈದು ನಿಮಿಷ, ಅದನ್ನು ನುಡಿಸಲು ಲಾರಿಗಟ್ಟಲೆ ಸಾಮಾನು ಬೇಕು. ಪಂಕಿನ ಹುಡುಗರು ಗಿಟಾರಿನಲ್ಲಿ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಕಲಿತು, ಎರಡು ನಿಮಿಷದ ಹಾಡು ಕಟ್ಟಿ, ಜೋರಾಗಿ ನುಡಿಸಿದರು. ಪಂಕ್ ಅನ್ನೋ ಪದಕ್ಕೆ ಇಂಗ್ಲಿಷಿನಲ್ಲಿ ಪೋಲಿ, ಕೆಲಸಕ್ಕೆ ಬಾರದವನು ಅಂತ ಅರ್ಥ. ಅದು ಬೈಗುಳ. ಅದನ್ನೇ ಹೆಸರಾಗಿ ಇಟ್ಟುಕೊಂಡರು. ಈ ಭಾಗ ಓದಿದಾಗ ನನಗೆ ಒಂದು ಥರ ಆಯಿತು. ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡವರು ಈಗಲೂ ಇದ್ದಾರೆ, ಆ ಪದ ಇಲ್ಲಿ ಬರೆಯುವುದಿಲ್ಲ, ಓದುಗರಿಗೆ ಗೊತ್ತು. ಪಂಕದಿಂದಲೇ ಪಂಕಜ ಹುಟ್ಟೋದು ಅಂತ ಹಿರಿಯರಿಗೆ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಅದು ಸುಲಭದ ಮಾತು, ಯಾರು ಬೇಕಾದರೂ ಹೇಳುತ್ತಾರೆ.

ಆ ಹಾಡು ಕೇಳೋಕೆ ಹೇಗಿರುತ್ತದೆ ಅಂತ ಹಿರಿಯರು ಕೇಳಿದರೆ ನಾನು ಹೇಳುವುದು ಒಂದೇ: ಗಟ್ಟಿಮೇಳ. ನಮ್ಮ ಸವಿತಾ ಸಮಾಜದವರಿಗೆ ಕತ್ತರಿಯ ಜೊತೆ ವಾಲಗವೂ ಮನೆತನದ ಕೆಲಸ. ನಮ್ಮಪ್ಪ ನಾಗಸ್ವರ ಊದುತ್ತಿದ್ದರು, ನಾನು ಡೋಲು. ಧಾರೆ ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ ಅಪ್ಪ ನಿಧಾನವಾಗಿ ಒಂದು ರಾಗ ಹಿಡಿದು ಆಟ ಆಡಿಸುತ್ತಿರುತ್ತಾರೆ, ಯಾರೂ ಕೇಳುವುದಿಲ್ಲ, ಎಲ್ಲರೂ ಮಾತಾಡುತ್ತಿರುತ್ತಾರೆ. ಆಮೇಲೆ ಪುರೋಹಿತರು ಕೈ ಎತ್ತಿ ಬೆರಳು ಅಲ್ಲಾಡಿಸಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು ಅಂದರೆ ಮುಗಿಯಿತು. ರಾಗ ಗೀಗ ಎಲ್ಲ ಬದಿಗೆ. ಎಲ್ಲ ವಾದ್ಯವೂ ಒಟ್ಟಿಗೆ, ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ, ತಾಳಿಯ ಮೂರು ಗಂಟು ಬೀಳುವವರೆಗೆ. ಯಾರಾದರೂ ಸೀನಿದರೆ, ಕೆಟ್ಟ ಮಾತಾಡಿದರೆ ಅದು ಯಾರ ಕಿವಿಗೂ ಬೀಳಬಾರದು ಅಂತ ಆ ಸದ್ದು. ಒಂದೂವರೆ ನಿಮಿಷ, ಜಾಸ್ತಿ ಅಂದರೆ ಎರಡು. ಡೋಲಿನ ಕಡ್ಡಿ ಹಿಡಿದ ಕೈ ನಡುಗಿಹೋಗುತ್ತದೆ. ಇಡೀ ಮದುವೆಯಲ್ಲಿ ಜನ ಮಾತು ನಿಲ್ಲಿಸಿ ನಮ್ಮ ಕಡೆ ಕಿವಿ ಕೊಡುವುದು ಆ ಎರಡು ನಿಮಿಷ ಮಾತ್ರ. ಯು.ಕೆ. ಸಬ್ಸಿನ ಹಾಡು ಅಂದರೆ ಒಂದಾದ ಮೇಲೆ ಒಂದರಂತೆ ಮೂವತ್ತು ಗಟ್ಟಿಮೇಳ. ಗಲಾಟೆ ಅಂತ ಅದನ್ನು ಅಂದರೆ ಇದನ್ನೂ ಅನ್ನಬೇಕಾಗುತ್ತದೆ.

ಆದರೆ ಒಂದು ಮಾತು, ಮೂರು ಕಾರ್ಡ್ ಕಲಿತರೆ ಸಾಕು ಅನ್ನೋದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಪ್ಪ ಎರಡು ವರ್ಷ ನನ್ನ ಕೈಗೆ ಡೋಲನ್ನೇ ಕೊಡಲಿಲ್ಲ, ತೊಡೆ ಮೇಲೆ ತಾಳ ಹಾಕಿಸಿದರು. ಅಕ್ಕನ ಮಗನಿಗೆ ಇದನ್ನು ಹೇಳಿದರೆ ನಗುತ್ತಾನೆ.

ಮುಂದಿನ ಕಥೆ ಬೇಗ ಹೇಳುತ್ತೇನೆ. ಲಂಡನ್ನಿನಲ್ಲಿ ರಾಕ್ಸಿ ಅಂತ ಪಂಕ್ ತಂಡಗಳ ಒಂದು ಅಡ್ಡೆ ಇತ್ತು, ಅಲ್ಲಿ ನುಡಿಸಿದರು. 1978ರಲ್ಲಿ ಮೊದಲ ರೆಕಾರ್ಡ್ ಬಂತು. ಬಿಬಿಸಿ ರೇಡಿಯೋದಲ್ಲಿ ರಾತ್ರಿ ಹೊತ್ತು ಜಾನ್ ಪೀಲ್ ಅನ್ನುವವರು ಹೊಸಬರ ಹಾಡು ಹಾಕುತ್ತಿದ್ದರು, ಅವರು ಇವರನ್ನು ಕರೆಸಿ ಹಾಡಿಸಿದರು. 1979ರಲ್ಲಿ ಒಂದು ಹಾಡು ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾಗುವ ಹಾಡುಗಳ ಪಟ್ಟಿಯಲ್ಲಿ 26ನೇ ಸ್ಥಾನಕ್ಕೆ ಏರಿತು, ಟಾಪ್ ಆಫ್ ದಿ ಪಾಪ್ಸ್ ಅನ್ನೋ ಟಿವಿ ಕಾರ್ಯಕ್ರಮಕ್ಕೆ ಹೋದರು. 1980ರಲ್ಲಿ ವೇದಿಕೆಯ ಮೇಲೆ ಹಾಡಿದ್ದನ್ನೇ ಹಿಡಿದು ಮಾಡಿದ ಆಲ್ಬಮ್ 8ನೇ ಸ್ಥಾನ ಮುಟ್ಟಿತು. ಆಮೇಲೆ ಒಂದೆರಡು ವರ್ಷದಲ್ಲಿ ಸುಗ್ಗಿ ಮುಗಿಯಿತು. ಕೀಬೋರ್ಡಿನ ಹಾಡುಗಳ ಕಾಲ ಬಂತು, ಪಂಕಿನ ಫ್ಯಾಷನ್ ಹೋಯಿತು, ಜೊತೆಗಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ವಾಪಸ್ ಹೋಗಿ ಕತ್ತರಿ ಹಿಡಿಯುತ್ತಿದ್ದರು. ನನಗೆ ಕೇಳಿದರೆ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ, ಪಟ್ಟಿಯಲ್ಲಿ ಹೆಸರು ಬರೋದು ನಿಂತ ಮೇಲಿಂದ.

ಅಕ್ಷರಮಾಲೆಯ ವಿಷಯ ಹೇಳಲೇಬೇಕು. ಇವರ ಮೊದಲ ಆಲ್ಬಮ್ 1979ರದು, ಹೆಸರು ಅನದರ್ ಕೈಂಡ್ ಆಫ್ ಬ್ಲೂಸ್, ಇಂಗ್ಲಿಷಿನಲ್ಲಿ ಎ ಅಕ್ಷರದಿಂದ ಶುರು. ಎರಡನೆಯದು ಬ್ರಾಂಡ್ ನ್ಯೂ ಏಜ್, ಬಿ. ಮೂರನೆಯದು ಕ್ರಾಶ್ ಕೋರ್ಸ್, ಸಿ. ನಾಲ್ಕನೆಯದು ಡಿ, ಐದನೆಯದು ಇ. ಹೀಗೇ ಒಂದೊಂದೇ ಅಕ್ಷರ ಹಿಡಿದು ಹೊರಟರು. ರೆಕಾರ್ಡ್ ಕಂಪನಿ ಮುಚ್ಚಿತು, ಇನ್ನೊಂದು ಬಂತು, ಗಿಟಾರಿನವರು ಬದಲಾದರು, ಡ್ರಮ್ಮಿನವರು ಬದಲಾದರು, ಅಕ್ಷರ ಮಾತ್ರ ತಪ್ಪಲಿಲ್ಲ. ಎಕ್ಸ್ ಅಕ್ಷರಕ್ಕೆ ಬಂದಾಗ ಏನು ಮಾಡಿದರು ಗೊತ್ತಾ? ಇಂಗ್ಲಿಷಿನಲ್ಲಿ ಎಕ್ಸಿನಿಂದ ಶುರುವಾಗುವ ಪದ ಎಲ್ಲಿದೆ, ಎಕ್ಸ್‌ರೇ ಬಿಟ್ಟರೆ ನನಗಂತೂ ಹೊಳೆಯಲಿಲ್ಲ. ಅವರು ರೋಮನ್ ಅಂಕಿಯಲ್ಲಿ 24 ಅಂತ ಬರೆದರು. ರೋಮನ್ 24 ಶುರುವಾಗುವುದು ಎಕ್ಸಿನಿಂದ, ಅದು ಅಕ್ಷರಮಾಲೆಯ 24ನೇ ಅಕ್ಷರವೂ ಹೌದು. ಎಂಥಾ ಕಟಿಂಗ್ ಸ್ವಾಮಿ ಇದು, ಒಂದೇ ಏಟಿಗೆ ಎರಡು ಕಡೆಯೂ ಸಮ. ಅದು 2013ರದು. 2015ರಲ್ಲಿ ವೈ. 2016ರಲ್ಲಿ ಝಡ್ ಅಕ್ಷರಕ್ಕೆ ಝೀಝೋ ಅಂತ ಹೆಸರಿಟ್ಟರು, ಡಚ್ ಭಾಷೆಯ ಮಾತು, ಕೆಲಸ ಮುಗಿಸಿ ಕೈ ಕೊಡವಿಕೊಂಡು ಹಾಂ, ಆಯ್ತು ಅನ್ನುತ್ತೇವಲ್ಲ, ಆ ಥರದ್ದು. ಕಟಿಂಗ್ ಮುಗಿಸಿ ಮೈಮೇಲಿನ ಬಟ್ಟೆ ಕೊಡವುವಾಗ ನಾನು ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು ಅದೇ.

26 ಅಕ್ಷರಕ್ಕೆ 37 ವರ್ಷ. ನಮ್ಮ ಕನ್ನಡದಲ್ಲಿ ಯಾರಾದರೂ ಹೀಗೆ ಹೊರಟರೆ ಅಂತ ಅಂಗಡಿಯಲ್ಲಿ ಒಂದು ದಿನ ಲೆಕ್ಕ ಹಾಕಿದೆವು. 49 ಅಕ್ಷರ, ಅದೇ ಲೆಕ್ಕದಲ್ಲಿ 70 ವರ್ಷ ಬೇಕು. ಅ ಆ ಇ ಈ ಸಲೀಸು. ಋ ಬಂದಾಗ ಋಣ ಅಂತ ಇಡಬಹುದು, ಬ್ಯಾಂಡಿನವರಿಗೆ ಸರಿಯಾಗಿಯೇ ಹೊಂದುತ್ತದೆ. ಆದರೆ ಙಕ್ಕೆ ಏನು ಇಡುತ್ತೀರಿ? ಞಕ್ಕೆ? ಣ, ಳ? ಮೇಷ್ಟ್ರು ಅರ್ಧ ಗಂಟೆ ಯೋಚನೆ ಮಾಡಿ, ಙ ಅಕ್ಷರದ ಹೊತ್ತಿಗೆ ಬ್ಯಾಂಡ್ ಒಡೆಯುತ್ತದೆ ಅಂತ ತೀರ್ಪು ಕೊಟ್ಟರು.

ಝಡ್ ಮುಗಿದ ಮೇಲೆ ಹಾರ್ಪರ್ ಸುಮ್ಮನೆ ಕೂರಲಿಲ್ಲ. 2022ರಲ್ಲಿ ರಿವರ್ಸ್ ಎಂಜಿನಿಯರಿಂಗ್ ಅಂತ ಮತ್ತೊಂದು ಆಲ್ಬಮ್ ಬಂತು. ಆಗ ಅವರಿಗೆ 78ರ ಆಸುಪಾಸು.

ಇಷ್ಟು ವರ್ಷ ನಡೆಯಿತು ಅಂದರೆ ಒಂದೇ ನಾಲ್ಕು ಜನ ಇದ್ದರು ಅಂತ ಅಲ್ಲ. ಹಾರ್ಪರ್ ಬಿಟ್ಟರೆ ಬಂದವರು ಹೋದವರು ಹತ್ತಾರು ಜನ. ಶುರುವಿನ ವರ್ಷಗಳಲ್ಲಿ ಗಿಟಾರ್ ನುಡಿಸಿ ಹಾಡು ಕಟ್ಟಿದ ನಿಕಿ ಗ್ಯಾರಟ್ ಅಮೆರಿಕಕ್ಕೆ ಹೋಗಿ ಅಲ್ಲಿ ತನ್ನದೇ ರೆಕಾರ್ಡ್ ಕಂಪನಿ ಮಾಡಿದರು. 1980ರಲ್ಲಿ ಬಾಸ್ ಗಿಟಾರಿಗೆ ಬಂದ ಆಲ್ವಿನ್ ಗಿಬ್ಸ್ ಹೋದರು, ತಿರುಗಿ ಬಂದರು. ಲಾರ್ಸ್ ಫ್ರೆಡರಿಕ್ಸನ್ ಅನ್ನೋ ಅಮೆರಿಕದ ಹುಡುಗ 1991ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ, ಇವರ ಜೊತೆ ಗಿಟಾರ್ ಹಿಡಿದು ಸುತ್ತಿ, ಆಮೇಲೆ ಅಮೆರಿಕದ ರ‍್ಯಾನ್ಸಿಡ್ ಅನ್ನೋ ಪಂಕ್ ತಂಡ ಸೇರಿ ಇವರಿಗಿಂತ ದೊಡ್ಡ ಹೆಸರು ಮಾಡಿದ. ನಮ್ಮ ಅಂಗಡಿಯಲ್ಲೂ ಹೀಗೇ, ಸೋಪು ಹಚ್ಚೋದರಿಂದ ಕಲಿತ ಹುಡುಗ ಈಗ ಬೆಂಗಳೂರಿನಲ್ಲಿ ಎ.ಸಿ. ಹಾಕಿಸಿದ ಸಲೂನ್ ಇಟ್ಟಿದ್ದಾನೆ, ಹಬ್ಬಕ್ಕೆ ಬಂದರೆ ನನ್ನ ಕುರ್ಚಿಯಲ್ಲೇ ಕೂತು ಕಟಿಂಗ್ ಮಾಡಿಸಿಕೊಂಡು ಹೋಗುತ್ತಾನೆ. ಯು.ಕೆ. ಸಬ್ಸಿನವರು 1983ರಲ್ಲಿ ಪೋಲೆಂಡಿಗೆ ಹೋಗಿ ಹಾಡಿ ಬಂದರಂತೆ. ಆಗ ಅಲ್ಲಿ ಕಮ್ಯುನಿಸ್ಟ್ ಆಡಳಿತ, ಪಶ್ಚಿಮದ ಪಂಕ್ ತಂಡಗಳು ಅತ್ತ ಕಾಲಿಡುವುದೇ ಅಪರೂಪ. 1993ರಲ್ಲಿ ಗನ್ಸ್ ಎನ್ ರೋಸಸ್ ಅನ್ನೋ ಅಮೆರಿಕದ ದೊಡ್ಡ ರಾಕ್ ತಂಡದವರು ತಮ್ಮ ಆಲ್ಬಮ್ಮಿನಲ್ಲಿ ಇವರ ಒಂದು ಹಾಡು ಹಾಡಿದರು. ಅವರ ಹೆಸರು ಹಾಸನದಲ್ಲೂ ಟೀ ಶರ್ಟಿನ ಮೇಲೆ ಸಿಗುತ್ತದೆ, ಇವರದು ಸಿಗುವುದಿಲ್ಲ.

ಎಲ್ಲ ಹಾಡೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ನಡುವಿನ ಕೆಲವು ಆಲ್ಬಮ್ ಕೇಳಿದರೆ ಯಾವುದು ಮುಗಿಯಿತು, ಯಾವುದು ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ಹಾಡಿನ ಮಾತು ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ, ಹುಡುಗ ಹೇಳಬೇಕು. ಹಾರ್ಪರ್ ದೊಡ್ಡ ಗಾಯಕರೇನಲ್ಲ, ಸ್ವರ ಹಿಡಿಯೋದಕ್ಕಿಂತ ತಾಳ ಹಿಡಿಯೋದು ಜಾಸ್ತಿ. ಆದರೆ ಒಂದು ಕೆಲಸ ಮಾಡಿದರು, ಯಾರು ಕರೆದರೂ ಹೋದರು. ದೊಡ್ಡ ಮೈದಾನ ಸಿಗದಿದ್ದರೆ ಪಬ್ಬಿನ ಹಿಂದಿನ ರೂಮು. ಐನೂರು ಜನ ಬರದಿದ್ದರೆ ಐವತ್ತು. ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಊರಿಂದ ಊರಿಗೆ.

ಇದು ನನಗೆ ಚೆನ್ನಾಗಿ ಗೊತ್ತಿರುವ ಬದುಕು. ಅಪ್ಪನ ಜೊತೆ ಆಲೂರು, ಸಕಲೇಶಪುರ, ಅರಕಲಗೂಡು ಅಂತ ಕೆಂಪು ಬಸ್ಸಿನಲ್ಲಿ ಡೋಲನ್ನು ತೊಡೆ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ, ಕಂಡಕ್ಟರು ಅದಕ್ಕೂ ಲಗೇಜು ಹರಿಯುತ್ತಿದ್ದ. ಬೆಳಗಿನ ಜಾವ ಊದಲು ಶುರು ಮಾಡಿದರೆ ಮಧ್ಯಾಹ್ನ ಮೂರಕ್ಕೆ ಊಟ, ಅದೂ ಕೊನೇ ಪಂಕ್ತಿಯಲ್ಲಿ, ಪಾಯಸ ಮುಗಿದ ಮೇಲೆ. ಅಪ್ಪ ಒಂದು ದಿನವೂ ಅದಕ್ಕೆ ಬೇಜಾರು ಮಾಡಿಕೊಂಡದ್ದು ನೋಡಲಿಲ್ಲ. ನಾನು ಮಾಡಿಕೊಂಡಿದ್ದೇನೆ. ಅಪ್ಪ ಹೋದ ಮೇಲೆ ನಮ್ಮ ಮೇಳವೂ ಕಮ್ಮಿಯಾಯಿತು, ಈಗ ಮದುವೆಗೆ ಡಿಜೆ ಬಂದಿದೆ, ವಾಲಗ ಅಂದರೆ ಧಾರೆ ಹೊತ್ತಿಗೆ ಎರಡು ಗಂಟೆ ಶಾಸ್ತ್ರಕ್ಕೆ. ಹಾರ್ಪರ್ ಬಿಡಲಿಲ್ಲ, ನಾನು ಅರ್ಧ ಬಿಟ್ಟೆ. ಆ ತಾತನ ಮೇಲೆ ನನಗೆ ಇಷ್ಟು ಪ್ರೀತಿ ಬರಲು ಅದೂ ಒಂದು ಕಾರಣ ಇರಬಹುದು.

ಇಷ್ಟೆಲ್ಲ ಬರೆದದ್ದು ಯಾಕೆ ಅಂದರೆ, ಆ ಪತ್ರದಲ್ಲಿ ಇನ್ನೊಂದು ಸಾಲಿತ್ತು. ನಮ್ಮ ಬೀದಿಯ ಕೆಲವು ಪುಂಡರು ಗೋಡೌನಿನಲ್ಲಿ ಸೇರಿ ಕರ್ಕಶವಾಗಿ ಬಾರಿಸುತ್ತಾರೆ, ಪೊಲೀಸರು ಕ್ರಮ ಕೈಗೊಳ್ಳಬೇಕು ಅಂತ. ಆ ಗೋಡೌನು ನನ್ನ ಅಂಗಡಿಯ ಹಿಂದಿನದು. ಪುಂಡರು ಅಂದರೆ ನನ್ನ ಅಕ್ಕನ ಮಗ ಮತ್ತು ಅವನ ಮೂವರು ಸ್ನೇಹಿತರು. ಒಬ್ಬನ ತಲೆಗೆ ಕೋಳಿ ಜುಟ್ಟು ಇದೆ, ಮಾಡಿದ್ದು ನಾನೇ, ಉಳಿದ ಮೂವರದು ಮೀಡಿಯಂ ಕಟಿಂಗ್. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಡ್ರಮ್ ಸೆಟ್ ತಂದಿದ್ದಾರೆ, ಒಂದು ಡ್ರಮ್ಮಿನ ಚರ್ಮಕ್ಕೆ ಪ್ಲಾಸ್ಟರ್ ಅಂಟಿಸಿದೆ. ಮಂಗಳವಾರ ನನಗೆ ರಜೆ ಅಂತ ಅವತ್ತೇ ಪ್ರಾಕ್ಟೀಸ್, ಸಂಜೆ ಆರರಿಂದ ಎಂಟು, ಪರೀಕ್ಷೆ ಸಮಯದಲ್ಲಿ ಅದೂ ಇಲ್ಲ. ಎಂಟಾದ ಮೇಲೆ ಒಂದು ಏಟು ಬಿದ್ದರೂ ನಾನೇ ಹೋಗಿ ಮೇನ್ ಆಫ್ ಮಾಡುತ್ತೇನೆ.

ಹೋದ ತಿಂಗಳು ಈ ಹುಡುಗರು ಒಂದು ಕಾರ್ಯಕ್ರಮ ಕೊಡೋಣ ಅಂತ ಊರಿನ ಒಂದು ಕಲ್ಯಾಣ ಮಂಟಪಕ್ಕೆ ಹೋಗಿ ಒಂದು ಸಂಜೆಗೆ ಬಾಡಿಗೆ ಎಷ್ಟು ಅಂತ ಕೇಳಿದರು. ಅಲ್ಲಿದ್ದವರು ಮೊದಲು ತಲೆ ನೋಡಿದರು, ಆಮೇಲೆ ಗಿಟಾರ್ ನೋಡಿದರು, ಆಮೇಲೆ ಖಾಲಿ ಇಲ್ಲ ಅಂದರು. ಆ ದಿನ ಅಲ್ಲಿ ಯಾವ ಮದುವೆಯೂ ಇರಲಿಲ್ಲ, ಬೀಗ ಹಾಕಿತ್ತು, ನಾನೇ ನೋಡಿಕೊಂಡು ಬಂದೆ. ಅದೇ ಮಂಟಪದಲ್ಲಿ ರಿಸೆಪ್ಷನ್ ದಿನ ರಾತ್ರಿ ಹನ್ನೊಂದರವರೆಗೆ ಡಿಜೆ ಹೊಡೆದರೆ ನಮ್ಮ ಅಂಗಡಿಯ ಕನ್ನಡಿ ನಡುಗುತ್ತದೆ, ಅದಕ್ಕೆ ಯಾರೂ ಪತ್ರ ಬರೆಯುವುದಿಲ್ಲ, ಊಟಕ್ಕೆ ಕರೆದಿರುತ್ತಾರಲ್ಲ. ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಜಾಗ ನಾಲ್ಕು ಹುಡುಗರಿಗೆ ಯಾಕೆ, ಅವರನ್ನು ಕೇಳೋಕೆ ಬರೋರೇ ನಲವತ್ತು ಜನ. ಅವರಿಗೆ ಬೇಕಿರುವುದು ನೂರು ಕುರ್ಚಿಯ ಒಂದು ಹಾಲು, ಒಂದು ಪ್ಲಗ್ ಪಾಯಿಂಟು, ಕಮ್ಮಿ ಬಾಡಿಗೆ, ತಲೆ ನೋಡದೆ ಬೀಗ ತೆಗೆಯುವ ಒಬ್ಬ ಮನುಷ್ಯ. ಲಂಡನ್ನಿನಲ್ಲಿ ಹಾರ್ಪರ್ ಅವರಿಗೆ ಪಬ್ಬಿನ ರೂಮುಗಳು ಇಲ್ಲದೆ ಹೋಗಿದ್ದರೆ ಎ ಅಕ್ಷರವೂ ಮುಗಿಯುತ್ತಿರಲಿಲ್ಲ. ಊರಲ್ಲಿ ಸಂಘ ಸಂಸ್ಥೆಗಳ ಸಣ್ಣ ಹಾಲುಗಳು ಎಷ್ಟೋ ಇವೆ, ವಾರಕ್ಕೆ ಆರು ದಿನ ಧೂಳು ಹಿಡಿಯುತ್ತವೆ. ಯಾರಾದರೂ ಒಂದು ಸಂಜೆ ಕೊಡುವವರಿದ್ದರೆ ದಯವಿಟ್ಟು ನಿಮ್ಮ ಪತ್ರಿಕೆಗೇ ಬರೆಯಲಿ. ಬಾಡಿಗೆ ನಾನು ಕೊಡುತ್ತೇನೆ.

ಪತ್ರ ಬರೆದ ಹಿರಿಯರಿಗೂ ಒಂದು ಮಾತು. ನೀವು ಯಾರು ಅಂತ ನನಗೆ ಅಂದಾಜಿದೆ, ನಮ್ಮ ಬೀದಿಯವರೇ, ಬಹುಶಃ ನನ್ನ ಕುರ್ಚಿಯಲ್ಲಿ ಕೂತವರೇ. ಪೊಲೀಸರನ್ನು ಕಳಿಸುವ ಮುಂಚೆ ಬರುವ ಮಂಗಳವಾರ ಸಂಜೆ ಒಂದು ಸಲ ಗೋಡೌನಿಗೆ ಬನ್ನಿ. ಮೇಷ್ಟ್ರೂ ಬರುತ್ತೇನೆ ಅಂದಿದ್ದಾರೆ, ಅವರಿಗಾಗಿ ಅಂಗಡಿಯ ಒಂದು ಕುರ್ಚಿ ಒಳಗೆ ಹಾಕಿಸಿದ್ದೇನೆ, ನಿಮಗೂ ಒಂದು ಹಾಕಿಸುತ್ತೇನೆ. ಹುಡುಗರು ಈಗ ಒಂದು ಹಾಡು ಕಟ್ಟಿದ್ದಾರೆ, ಕನ್ನಡದ್ದು, ಒಂದು ನಿಮಿಷ ಐವತ್ತು ಸೆಕೆಂಡ್, ನಡುವೆ ಒಂದು ಕಡೆ ನನ್ನ ಡೋಲೂ ಇದೆ. ಕಿವಿಗೆ ಇಟ್ಟುಕೊಳ್ಳಲು ಹತ್ತಿ ಅಂಗಡಿಯಿಂದ ನಾನೇ ತಂದಿರುತ್ತೇನೆ. ಕಟಿಂಗ್ ಬೇಕಿದ್ದರೆ ಮಾತ್ರ ಬುಧವಾರ ಬನ್ನಿ.

ಇತಿ,
ಒಬ್ಬ ಕಟಿಂಗ್ ಶಾಪಿನವನು, ಹಾಸನ